ತಾತ್ಸುವಿನ ಗದ್ದೆ, ಮುನೆತ್ಸುನಾನ ಬಾಯಿ

ತಾತ್ಸು ಜಗಳಗಂಟಿಯಲ್ಲ. ಗಂಡ ಮುನೆತ್ಸುನಾ ಮುಸಾಶಿ ಸೀಮೆಯ ಸಣ್ಣ ಸಮುರಾಯ್. ಮದುವೆಯಾದ ಹೊಸದರಲ್ಲಿ ಹೊಳೆದಂಡೆಯ ಗದ್ದೆಯನ್ನು ಅವಳ ಹೆಸರಿಗೆ ಬರೆದುಕೊಟ್ಟಿದ್ದ. ಗದ್ದೆಯೆಂದರೆ ಆಗ ಬರಿಯ ಜೊಂಡು. ಕೆಸರು ತುಳಿದು, ಬದು ಕಟ್ಟಿ, ಅದನ್ನು ಗದ್ದೆಯಾಗಿಸಿದವಳು ಅವಳೇ. ಭತ್ತ ತೆನೆಗಟ್ಟತೊಡಗಿದ ಮೇಲೆ ಗಂಡನಿಗೆ ಎಳೆಯ ಹೆಂಡತಿ ಬೇಕೆನಿಸಿತು. ತಾತ್ಸುವನ್ನು ಹೊರಗೆ ಹಾಕಿದ, ಗದ್ದೆಯನ್ನೂ ವಾಪಸು ಕೇಳಿದ. ನಾಚಿಕೆ ಎನ್ನುವುದು ಆ ಮನುಷ್ಯನ ಹತ್ತಿರವೂ ಸುಳಿದಿರಲಿಲ್ಲ.

ತಪ್ಪಿಲ್ಲದ ಹೆಂಡತಿಯನ್ನು ಬಿಟ್ಟವನು ಕೊಟ್ಟ ಭೂಮಿಯನ್ನು ಮರಳಿ ಕೇಳುವಂತಿಲ್ಲ ಎಂಬುದು ಸಮುರಾಯ್‌ಗಳ ಕಟ್ಟಳೆ. ಹಾಗಾಗಿ ಮುನೆತ್ಸುನಾ ತಪ್ಪೊಂದನ್ನು ಹುಟ್ಟಿಸಿಕೊಂಡೇ ಸಮುರಾಯ್‌ಗಳ ನ್ಯಾಯಸ್ಥಾನವಿದ್ದ ಕಾಮಾಕುರಾಕ್ಕೆ ಬಂದ.

ವಿಚಾರಣೆಯ ಪಡಸಾಲೆಯಲ್ಲಿ ತಾತ್ಸುವಿನ ಪರವಾಗಿ ತಮ್ಮ ನಗಮೊರಿ ಕುಳಿತ. ಅವನ ಹಿಂದೆ ಅವಳು.

"ಇವಳ ನಡತೆ ಸರಿಯಿಲ್ಲ ಬುದ್ಧಿ," ಎಂದ ಮುನೆತ್ಸುನಾ. "ದೋಣಿಯವನ ಜೊತೆ ಸಂಬಂಧ ಇಟ್ಕೊಂಡಿದ್ಲು. ಹಾದರಗಿತ್ತಿ ಇವಳು."

ತಾತ್ಸುವಿನ ಮೈಯೆಲ್ಲ ಉರಿದುಹೋಯಿತು. ಪಡಸಾಲೆಯಲ್ಲಿ ಎದುರಾಳಿಯನ್ನು ಬೈದವನು ವ್ಯಾಜ್ಯವನ್ನೇ ಕಳೆದುಕೊಳ್ಳಬೇಕು, ಅದೂ ಕಟ್ಟಳೆಯೇ. ಈಗ ಅವನ ಕತೆ ಮುಗಿಯಿತೆಂದು ಅವಳು ಅಧಿಕಾರಿಗಳ ಮುಖ ನೋಡಿದಳು. ಒಬ್ಬ ಬೀಸಣಿಗೆ ಆಡಿಸುತ್ತಿದ್ದ. ಇನ್ನೊಬ್ಬ ಆಕಳಿಸಿ, "ಸಾಕ್ಷಿ ಯಾರಾದ್ರೂ ಇದ್ದಾರೇನಪ್ಪಾ?" ಎಂದ.

"ಎಲ್ಲಿಂದ ತರ್ತಾನೆ ಬುದ್ಧಿ? ಬರೀ ಬಾಯಿ," ಎಂದ ನಗಮೊರಿ. "ನಮ್ಮದು ಮಾನವಂತರ ಮನೆತನ."

"ನಿಮ್ಮದೂ ಒಂದು ಮನೆತನವೇನೋ?" ಮುನೆತ್ಸುನಾ ನಕ್ಕ. "ನಿಮ್ಮಪ್ಪ ಕಂಡೋರ ಲಾಯದಲ್ಲಿ ಲದ್ದಿ ಬಾಚ್ತಿದ್ದ ಆಳು. ನೀನು ಸಮುರಾಯ್ ಅಂತ ಹೇಳ್ಕೊಂಡು ತಿರುಗ್ತೀಯ."

ಬೀಸಣಿಗೆ ನಿಂತಿತು. ಆಕಳಿಸುತ್ತಿದ್ದವನು ನೆಟ್ಟಗೆ ಕುಳಿತ. ಸಮುರಾಯ್ ಒಬ್ಬನ ಅಪ್ಪನನ್ನು ಆಳು ಎನ್ನುವುದೆಂದರೇನು! ಬರೆಯುವವನ ಕುಂಚ ಸರಸರನೆ ಓಡಿತು. ಆಮೇಲೆ ಸಾಕ್ಷಿಯನ್ನು ಯಾರೂ ಕೇಳಲಿಲ್ಲ. ಜೊಂಡು ಕಿತ್ತವರು ಯಾರೆಂದೂ ಕೇಳಲಿಲ್ಲ. ಬೈದ ತಪ್ಪಿಗೆ ಮುನೆತ್ಸುನಾ ಸೋತ, ಗದ್ದೆ ತಾತ್ಸುವಿಗೇ ಉಳಿಯಿತು.

ಹೊರಗೆ ಬಂದ ನಗಮೊರಿಗೆ ಹಿಗ್ಗೋ ಹಿಗ್ಗು. "ಗೆದ್ವಿ ಅಕ್ಕಾ. ಅವನ ನಾಲಿಗೆಯೇ ಅವನನ್ನ ಹಳ್ಳಕ್ಕೆ ತಳ್ತು ನೋಡು."

"ನನ್ನನ್ನ ಹಾದರಗಿತ್ತಿ ಅಂದ್ನಲ್ಲ, ಅದನ್ನ ಬರ್ಕೊಂಡ್ರಾ?"

ನಗಮೊರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಅದನ್ನ ಯಾಕೆ ಬರ್ಕೋತಾರೆ? ಅದು ಗಂಡ ಹೆಂಡ್ತಿ ಮಾತು."

"ಹಾಗಾದ್ರೆ ಗೆದ್ದಿದ್ದು ನಾನಲ್ಲ ಕಣೋ, ನಮ್ಮಪ್ಪ," ಎಂದು ತಾತ್ಸು ಒಬ್ಬಳೇ ಮುಂದೆ ನಡೆದಳು.