ಬಿಲ್ಲೆಯ ಬೆನ್ನು ಕುಡಿದ ಔಷಧಿ

ಸುವರ್ಣಾ, ಆ ಬಿಲ್ಲೆಗಳನ್ನು ಔಷಧಿಯಲ್ಲಿ ಅದ್ದಿದವನು ನಾನು. ನೀನಲ್ಲ. ನಿನ್ನ ಪ್ರಯೋಗಶಾಲೆಯವರು ಯಾರೂ ಅಲ್ಲ. ನಾನು — ನೀನು ಕಾಕಾ ಎಂದು ಕರೆಯುತ್ತಿದ್ದ, ಬೇಗಂ ಬಜಾರಿನ ಟೈಲ್ಸ್ ವ್ಯಾಪಾರಿ. ಇಷ್ಟು ಹೇಳಲು ಆರು ವರ್ಷ ಬೇಕಾಯಿತು.

ಈ ಕಾಗದದ ಇನ್ನೊಂದು ಪ್ರತಿ ನಿನ್ನ ಹಳೆಯ ಸಂಸ್ಥೆಗೂ ಹೋಗುತ್ತದೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಿಸಬೇಡ.

ನೀನು ಸತುವಿನ ಆಕ್ಸೈಡ್ ಪುಡಿಯನ್ನು ಕಣ್ಣಿಗೆ ಕಾಣದಷ್ಟು ನುಣ್ಣಗೆ ಮಾಡಿ — ನ್ಯಾನೋ ಎನ್ನುತ್ತಿದ್ದೆ — ಟೈಲ್ಸಿನ ಮೆರುಗಿಗೆ ಬೆರೆಸಿದ್ದೆ. ಆಸ್ಪತ್ರೆಯ ಗೋಡೆಗೆ ಕೂಡಿಸಿದರೆ, ಮೇಲೆ ಕುಳಿತ ರೋಗಾಣು ಅಲ್ಲೇ ಸಾಯಬೇಕು. ಪರಿಚಯದ ಭಟ್ಟಿಯಲ್ಲಿ ಅವನ್ನು ಸುಡಿಸಿ, ರೂಪಾಯಿಯಗಲದ ಬಿಲ್ಲೆ ಮಾಡಿಸಿ ತಂದುಕೊಡುವುದು ನನ್ನ ಕೆಲಸ. ಗೆದ್ದರೆ ಮಾರುವ ಹಕ್ಕು ನನ್ನೊಬ್ಬನದೇ ಎಂದು ಚೌಕಾಸಿ ಮಾಡಿ ಮಾತು ಪಡೆದಿದ್ದೆ. ನನಗೆ ಬೇರೇನು ಬರುತ್ತದೆ?

ಎರಡು ಸಲ ಬಿಲ್ಲೆಗಳು ಸೋತವು. ರೋಗಾಣು ಸತ್ತವು, ಆದರೆ ಸಾಲದಷ್ಟು. "ಅವಸರ ಬ್ಯಾಡ್ರಿ ಕಾಕಾ. ಭಟ್ಟಿ ಶಾಖ ಜಾಸ್ತಿ ಆಗೇತಿ, ಇನ್ನೊಂದು ಸಲ ನೋಡೂಣು" ಎಂದೆ. ನೀನು ಕಾಯಬಲ್ಲವಳು. ನಾನು — ಯಾವುದಾದರೂ ದೊಡ್ಡ ಕಂಪನಿ ನಿನ್ನನ್ನು ಸೆಳೆದುಕೊಂಡರೆ...

ಬಜಾರಿನಲ್ಲಿ ಒಂದು ರೂಢಿಯಿದೆ. ಮಾಲು ತೋರಿಸುವ ಮೊದಲು ಒರೆಸಬೇಕು. ಧೂಳು ಕುಳಿತ ಟೈಲ್ಸಿನ ಮೇಲೆ ಎಣ್ಣೆಗೈ ಆಡಿಸಿದರೆ ಹೊಸದಾಗುತ್ತದೆ. ಅದನ್ನು ಯಾರೂ ಮೋಸ ಎನ್ನುವುದಿಲ್ಲ. ಹೊಸದಾಗಿ ಅಂಗಡಿ ಇಟ್ಟ ಎಷ್ಟೋ ಜನರಿಗೆ ನಾನೇ ಕಲಿಸಿದ ಬುದ್ಧಿ ಅದು. ಮೂರನೇ ಸಲದ ಬಿಲ್ಲೆಗಳನ್ನೂ ಒರೆಸಿದೆ, ಅಷ್ಟೇ — ಹೀಗೆಂದುಕೊಂಡೆ. ಆಸ್ಪತ್ರೆಗಳಲ್ಲಿ ನೆಲ ಒರೆಸುವ, ವಾಸನೆಯಿಲ್ಲದ ಔಷಧಿಯಲ್ಲಿ ನೆನೆಹಾಕಿ, ಒಣಗಿಸಿ, ಕಾಗದ ಸುತ್ತಿದೆ. ಮೆರುಗಿನ ಮುಖ ಏನೂ ಕುಡಿಯಲಿಲ್ಲ. ಮೆರುಗಿಲ್ಲದ ಬೆನ್ನು ಎಲ್ಲವನ್ನೂ ಕುಡಿಯಿತು.

ನಿನ್ನ ಗಾಜಿನ ತಟ್ಟೆಯಲ್ಲಿ ಆ ಬೆನ್ನಿನಿಂದ ಔಷಧಿ ಒಸರಿ, ಪ್ರತಿ ಬಿಲ್ಲೆಯ ಸುತ್ತ ರೋಗಾಣು ಬೆಳೆಯದ ಅಗಲ ಉಂಗುರ ಬಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. ನೀನು ಮಾತ್ರ ತಟ್ಟೆಯನ್ನೇ ನೋಡುತ್ತ ನಿಂತೆ.

"ಮೆರುಗಿನ್ಯಾಗ ಸಿಕ್ಕೊಂಡ ಪುಡಿ ಇಷ್ಟು ದೂರ ಹೆಂಗ ಹೋತು? ಕಾಕಾ, ಏನರೆ ಹಚ್ಚೀರೇನು ಇದಕ್ಕ?"

"ಏ ಹುಚ್ಚಿ, ನಾ ಏನ್ ಹಚ್ಚಲಿ, ಅರಿಷಿಣನ? ಭಟ್ಟೀಲಿಂದ ಹೆಂಗ ಬಂತೋ ಹಂಗ ತಂದೀನಿ."

ನೀನು ನಕ್ಕೆ. ನಂಬಿದೆ.

ನಿನ್ನ ಫಲಿತಾಂಶ ಹೊರಬಂತು. ಬೇರೊಂದು ಪ್ರಯೋಗಶಾಲೆಯವರು ಹೊಸ ಬಿಲ್ಲೆ ಸುಡಿಸಿ ನೋಡಿದರೆ ಉಂಗುರವೇ ಇಲ್ಲ. ನೀನೇ ಏನೋ ಕೈವಾಡ ಮಾಡಿದ್ದೀ ಎಂದರು. ವಿಚಾರಣೆಗೆ ನನ್ನನ್ನೂ ಕರೆಸಿದ ದಿನ, ಬಾಗಿಲಲ್ಲಿ ನೀನು ಹೇಳಿದ್ದು ಒಂದೇ ಮಾತು: "ಖರೇ ಏನೈತಿ ಅದನ್ನ ಹೇಳ್ರಿ ಕಾಕಾ, ಸಾಕು."

ಈ ತೆಲುಗು ಊರಿನಲ್ಲೂ ನಮ್ಮಿಬ್ಬರ ನಡುವೆ ಎಂದೂ ಕನ್ನಡವೇ. ಅಂದು ನಿನ್ನೆದುರೇ ತೆಲುಗಿನಲ್ಲಿ, "ನಾಕೇಮಿ ತೆಲಿಯದು ಸಾರ್, ಇಚ್ಚಿಂದಿ ತೆಚ್ಚಾನು" ಎಂದೆ. ನನಗೇನೂ ಗೊತ್ತಿಲ್ಲ, ಕೊಟ್ಟದ್ದನ್ನು ತಂದೆ — ಅಷ್ಟೇ. ನೀನು ತಲೆಯೆತ್ತಿ ನನ್ನನ್ನು ನೋಡಿದೆ. ಆಗಲೇ ನಿನಗೆ ತಿಳಿಯಿತು ಎಂದುಕೊಂಡಿದ್ದೇನೆ. ಆದರೂ ನನ್ನ ಹೆಸರೆತ್ತಲಿಲ್ಲ. ಸಾಕ್ಷಿಯಿಲ್ಲದ್ದನ್ನು ಹೇಳುವವಳಲ್ಲ ನೀನು.

ಸಂಶೋಧನೆ ಬಿಡಿಸಿದರು. ಕಾಚಿಗೂಡದಲ್ಲಿ ರೈಲು ಹತ್ತಿ ರಾಯಚೂರಿಗೆ ಹೋದೆಯಂತೆ, ಅಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತೀಯಂತೆ. ಕಳಿಸಲು ಸಹ ನಾನು ಬರಲಿಲ್ಲ.

ಮಾದರಿಯೆಂದು ಒಂದೆರಡು ಎತ್ತಿಡುವುದು ವ್ಯಾಪಾರಿಯ ಚಾಳಿ. ಮೂರನೇ ಸಲದ ಎರಡು ಬಿಲ್ಲೆಗಳು ಔಷಧಿ ಮುಟ್ಟದೆ ನನ್ನಲ್ಲಿ ಉಳಿದಿವೆ. ಅವನ್ನು ಸಂಸ್ಥೆಗೆ ಕಳಿಸುತ್ತಿದ್ದೇನೆ — ಒರೆಸದೆ, ಧೂಳಿನ ಸಮೇತ. ಅವು ಗೆಲ್ಲುತ್ತಿದ್ದವೋ, ಮತ್ತೆ ಸೋಲುತ್ತಿದ್ದವೋ, ಅದನ್ನು ಕಂಡುಕೊಳ್ಳಬೇಕಾದವಳು ನೀನು. ನಾನು ನಿನ್ನನ್ನು ಸೋಲಲೂ ಬಿಡಲಿಲ್ಲ.

ಅವರು ಕರೆದ ದಿನ ಹೋಗುತ್ತೇನೆ. ಈ ಸಲ ಕನ್ನಡದಲ್ಲೇ ಹೇಳುತ್ತೇನೆ. ಬೇಕಾದವರು ತರ್ಜುಮೆ ಮಾಡಿಕೊಳ್ಳಲಿ.