ಒಂದು ತೊಟ್ಟು ಜೇನು

ಜೇನು ಸಾಕಿದವಳಿಗೇ ಜೇನು ಆಗುವುದಿಲ್ಲ ಎಂದರೆ ಜನ ನಗುತ್ತಾರೆ. ನಗಲಿ. ಗಂಟಲು ಊದಿಕೊಂಡಾಗ ಉಸಿರಿಗೆ ಒದ್ದಾಡುವವಳು ನಾನು, ಅವರಲ್ಲ.

ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ಜಯನಗರದ ನಮ್ಮ ಮನೆಯ ತಾರಸಿಯಲ್ಲಿ ಎರಡು ಪೆಟ್ಟಿಗೆ ಇಟ್ಟು ಜೇನು ಸಾಕತೊಡಗಿದೆ. ಕೈಗವಸು ಹಾಕುವವರನ್ನು ಕಂಡರೆ ನಮ್ಮಂಥ ಜೇನು ಸಾಕುವವರಿಗೆ ತಾತ್ಸಾರ. ಹುಳ ಕಚ್ಚಿದಷ್ಟೂ ಮೈಗೆ ಒಳ್ಳೆಯದು, ಮಂಡಿನೋವು ಹತ್ತಿರ ಸುಳಿಯುವುದಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಬೀಗುತ್ತಿದ್ದೆವು. ಹಾಗೆ ಕೆಲವು ವರ್ಷ ಕಚ್ಚಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಬೆರಳಲ್ಲಿ ಒಂದಿಷ್ಟು ಜೇನು ತೆಗೆದು ನೆಕ್ಕಿದೆ. ತುಟಿ ದಪ್ಪಗಾಯಿತು, ಮೈಯೆಲ್ಲ ದದ್ದು ಎದ್ದಿತು. ಡಾಕ್ಟರು ಪರೀಕ್ಷೆ ಮಾಡಿಸಿ, ಅಷ್ಟು ಸಲ ಕಚ್ಚಿಸಿಕೊಂಡೇ ನಿಮಗೆ ಜೇನಿನ ಅಲರ್ಜಿ ಬಂದಿದೆ, ಇನ್ನು ಮೇಲೆ ಜೇನು, ಪರಾಗ, ಮೇಣ ಯಾವುದನ್ನೂ ಮುಟ್ಟಕೂಡದು, ಮುಂದಿನ ಸಲ ಜೀವಕ್ಕೇ ಅಪಾಯವಾಗಬಹುದು ಎಂದರು. ಪೆಟ್ಟಿಗೆಗಳನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ. ಮನೆಯಲ್ಲಿ ಉಳಿದಿದ್ದ ಬಾಟಲಿಗಳನ್ನು ಕತ್ರಿಗುಪ್ಪೆಯ ಅಣ್ಣನ ಮನೆಗೆ ಕಳಿಸಿದೆ.

ಅಲ್ಲಿಂದ ಶುರುವಾಯಿತು ಉಪದೇಶ. ಶುದ್ಧ ಜೇನಾದರೆ ಯಾರಿಗೂ ಏನೂ ಆಗುವುದಿಲ್ಲ, ನೀವು ತಿಂದದ್ದು ಕಲಬೆರಕೆ ಎಂದು ಪಾರ್ಕಿಗೆ ವಾಕಿಂಗ್ ಬರುವ ಅಂಕಲ್ ಒಬ್ಬರು ಖಡಾಖಂಡಿತವಾಗಿ ಹೇಳಿದರು. ನನ್ನ ತಾರಸಿಯಲ್ಲಿ, ನನ್ನ ಪೆಟ್ಟಿಗೆಯಿಂದ, ನಾನೇ ತೆಗೆದ ಜೇನಿಗೆ ಬೆಲ್ಲದ ಪಾಕ ಬೆರೆಸಿದವರು ಯಾರು, ಹುಳಗಳೇ? ಹಾಗೆಂದು ಕೇಳಿಯೂ ಬಿಟ್ಟೆ. ಮರುದಿನದಿಂದ ಅವರು ಪಾರ್ಕಿನ ಇನ್ನೊಂದು ಗೇಟಿನಿಂದ ಬರತೊಡಗಿದರು.

ಹೊರಗಿನವರ ಮಾತು ಬಿಡಿ. ಅಣ್ಣನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದರು. ನನಗೆ ಪಂಚಾಮೃತ ಬೇಡ, ಅದರಲ್ಲಿ ಜೇನಿರುತ್ತದೆ ಎಂದು ಅತ್ತಿಗೆಗೆ ಫೋನಿನಲ್ಲಿ ಹೇಳಿದ್ದೆ, ಹೋದ ಮೇಲೆ ಅಡುಗೆಮನೆಯಲ್ಲಿ ಮತ್ತೆ ಹೇಳಿದೆ. ಪೂಜೆಗೆ ಬಂದು ಪಂಚಾಮೃತ ಬೇಡ ಅನ್ನುವುದುಂಟೇ ಎಂದು ಅವರ ಮುಖ ಸಣ್ಣಗಾಯಿತು. ಕೊನೆಗೆ, ನನಗೆಂದೇ ಬೇರೆ ಬಟ್ಟಲಲ್ಲಿ ಜೇನಿಲ್ಲದೆ ಮಾಡಿಟ್ಟಿದ್ದೇನೆ ಎಂದರು. ನಂಬಿದೆ. ಮಂಗಳಾರತಿ ಆದ ಮೇಲೆ ಅಂಗೈಯೊಡ್ಡಿ ಹಾಕಿಸಿಕೊಂಡು ಕುಡಿದೆ.

ಎಲೆಗೆ ಕೋಸಂಬರಿ ಬೀಳುವ ಹೊತ್ತಿಗೆ ನಾಲಿಗೆ ಬಾಯಿ ತುಂಬ ಊದಿಕೊಂಡಿತ್ತು. ಮಾತು ಹೊರಡಲಿಲ್ಲ. ಪಕ್ಕದಲ್ಲಿ ಕೂತವರು ಬಿಕ್ಕಳಿಕೆ ಎಂದುಕೊಂಡು ಬೆನ್ನು ತಟ್ಟಿ ನೀರು ಕುಡಿಸಲು ಬಂದರು. ಅಣ್ಣ ನನ್ನ ಮುಖ ನೋಡಿದವನೇ ಕಾರು ತೆಗೆದ. ನರ್ಸಿಂಗ್ ಹೋಮಿನಲ್ಲಿ ತೊಡೆಗೆ ಇಂಜೆಕ್ಷನ್ ಚುಚ್ಚಿ, ಮೂಗಿಗೆ ಆಕ್ಸಿಜನ್ ಹಾಕಿ ಮಲಗಿಸಿದರು.

ಉಸಿರು ಹಿಡಿತಕ್ಕೆ ಬಂದಾಗ ಅತ್ತಿಗೆ ಮಂಚದ ಪಕ್ಕ ಅಳುತ್ತ ನಿಂತಿದ್ದರು.

"ಒಂದೇ ಒಂದು ತೊಟ್ಟು ಹಾಕ್ದೆ ಕಣೇ. ಜೇನಿಲ್ದೆ ಅದು ಪಂಚಾಮೃತ ಹೇಗಾಗತ್ತೆ? ದೇವರ ಮುಂದೆ ಇಟ್ಟಿದ್ದು, ಏನೂ ಆಗಲ್ಲ ಅಂದ್ಕೊಂಡೆ."

ನಾನೇ ಕಳಿಸಿದ ಬಾಟಲಿಯ ಜೇನು. ಮರೆತು ಹಾಕಿದ್ದರೆ ಕ್ಷಮಿಸುತ್ತಿದ್ದೆ, ಪೂಜೆಯ ಗಡಿಬಿಡಿಯಲ್ಲಿ ಯಾರಿಗಾದರೂ ಮರೆವು ಬರುತ್ತದೆ. ಅವರು ಮರೆತಿರಲಿಲ್ಲ. ಚೆನ್ನಾಗಿ ನೆನಪಿಟ್ಟುಕೊಂಡು, ಬೇರೆ ಬಟ್ಟಲು ತೆಗೆದು, ಅದಕ್ಕೂ ಹಾಕಿದ್ದರು. ನನ್ನ ಜೀವದ ವಿಷಯದಲ್ಲಿ ನಾನು ಹೇಳಿದ್ದಕ್ಕಿಂತ ಅವರಿಗೆ ಅನಿಸಿದ್ದೇ ಹೆಚ್ಚಾಗಿತ್ತು. ಆ ಅಳು ನೋಡಿ ನನಗೆ ಕನಿಕರ ಬರಲಿಲ್ಲ, ಮೈ ಉರಿಯಿತು.

ಅಷ್ಟರಲ್ಲಿ ಬಾಗಿಲ ಬಳಿ ಅಣ್ಣ ಫೋನಿನಲ್ಲಿ ಚಿಕ್ಕಮ್ಮನಿಗೆ ಸಮಾಧಾನ ಹೇಳುವುದು ಕೇಳಿಸಿತು. ಅವರು ಇನ್ನೂ ಪೂಜೆಯ ಮನೆಯಲ್ಲೇ ಇದ್ದರು. ನನಗೆ ಬಿಪಿ ಇಳಿದಿತ್ತಂತೆ, ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ಪ್ರಸಾದದಿಂದ ಹೀಗಾಯಿತು ಎಂದು ನೆಂಟರಿಷ್ಟರ ಮುಂದೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹಾಗಾಗಿ ತಪ್ಪು ನನ್ನ ಹೊಟ್ಟೆಯದಾಯಿತು. ಕೈ ಚಾಚಿ ಫೋನ್ ಕೇಳಿ ಇಸಿದುಕೊಂಡೆ. ಕಟ್ಟಿಕೊಂಡಿದ್ದ ದನಿಯಲ್ಲೇ ಹೇಳಿದೆ.

"ಬಿಪಿ ಅಲ್ಲ ಚಿಕ್ಕಮ್ಮ. ಬೇಡ ಅಂದ್ರೂ ಜೇನು ಹಾಕಿ ಕುಡಿಸಿದ್ರು. ಇನ್ನು ಸ್ವಲ್ಪ ತಡ ಆಗಿದ್ರೆ ಸತ್ತೇ ಹೋಗ್ತಿದ್ದೆ."

ಅಣ್ಣ ಫೋನ್ ಕಿತ್ತುಕೊಂಡ. ಹೆಂಡತಿ ಮಾಡಿದ್ದನ್ನು ಕೇಳಿದಾಗಲೂ ಸುಮ್ಮನಿದ್ದವನಿಗೆ ಅವತ್ತು ಸಿಟ್ಟು ಬಂದದ್ದು ಆಗಲೇ.

"ಪೂಜೆ ದಿನ ಸಾಯೋ ಮಾತು ಆಡ್ತೀಯಲ್ಲೇ, ಅಷ್ಟೂ ಗೊತ್ತಾಗಲ್ವಾ ನಿನಗೆ?"