ಕುಡಗೋಲು ಹಿಡಿದ ಹುಲ್ಲಿನವ್ವ

ಅವಳ ಎಡಗೈಯ ಕಿರುಬೆರಳಿಗೆ ತುದಿ ಇರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ಚರ್ಮ ಹುಣಸೆ ಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಹುಲ್ಲಿನ ಹಿಡಿ ಕೂಡಿಸುವಾಗ ಉಳಿದ ಬೆರಳುಗಳು ಒಟ್ಟಿಗೆ ಬಾಗುತ್ತಿದ್ದವು, ಆ ಮೋಟು ಬೆರಳು ಮಾತ್ರ ಕುಡಗೋಲಿನ ದಾರಿ ಬಿಟ್ಟು ಬೇರೆಯೇ ನಿಲ್ಲುತ್ತಿತ್ತು. ಏನಾಗಿತ್ತು ಎಂದು ಕೇಳಿದವರಿಗೆ, "ಲಗ್ನಾಗಿ ಬಂದ ವರ್ಷ ಅತ್ತಿ ಮ್ಯಾಲಿನ ಸಿಟ್ಟು ಹುಲ್ಲಿನ ಮ್ಯಾಲ ತಗದಿದ್ದೆ. ಹುಲ್ಲಿಗೇನೂ ಆಗ್ಲಿಲ್ಲ, ನನ್ನ ಬಟ್ಟು ಹೋತು" ಎಂದು ನಗುತ್ತಿದ್ದಳು.

ಶಾಲೆಯಲ್ಲಿ ಎಲ್ಲರಿಗೂ ಅವಳು ಹುಲ್ಲಿನವ್ವ. ಹುಟ್ಟಿದ್ದು ಹೊಂಬಳದಲ್ಲಿ. ಗಂಡ ತೀರಿದ ಮೇಲೆ ಬೆಟಗೇರಿಯ ಅಂಚಿನಲ್ಲಿ ಎರಡು ಎಮ್ಮೆ ಕಟ್ಟಿಕೊಂಡು, ತಂಗಿಯ ಮಗಳನ್ನು ಜೊತೆಗಿಟ್ಟುಕೊಂಡು, ಹಾಲು ಮಾರಿ ಬದುಕುತ್ತಿದ್ದಳು. ನಮ್ಮ ಶಾಲೆಯ ಹಿಂದೆ ಎರಡು ಎಕರೆ ಬಯಲಿತ್ತು. ಶ್ರಾವಣದಿಂದ ದೀಪಾವಳಿಯ ತನಕ ಅಲ್ಲಿ ಮೊಣಕಾಲೆತ್ತರದ ಹುಲ್ಲು. ಅವಳು ಅದನ್ನು ಕೊಯ್ದು ಬಯಲು ಹಸನು ಮಾಡಬೇಕು, ಕೊಯ್ದ ಹುಲ್ಲು ಅವಳದು. ಈ ಕರಾರನ್ನು ಯಾರು ಯಾವಾಗ ಮಾಡಿದರೋ ಗೊತ್ತಿಲ್ಲ. ನಾನು ಬರುವ ಮುಂಚೆಯೇ ಅದು ನಡೆದುಕೊಂಡು ಬಂದಿತ್ತು.

ನಾನು ಗದಗಿನ ಆ ಹೆಣ್ಣುಮಕ್ಕಳ ಶಾಲೆಗೆ ಸೇರಿದ್ದು ಏಕೀಕರಣದ ಹಿಂದಿನ ವರ್ಷ. ಲಕ್ಷ್ಮೇಶ್ವರದ ಗುಡಿಯ ಪೂಜೆಯ ಮನೆತನದಲ್ಲಿ ಸಂಬಳದ ಕೆಲಸಕ್ಕೆ ಹೊರಬಿದ್ದ ಮೊದಲ ಹೆಣ್ಣು ನಾನು. ಇಪ್ಪತ್ತೆರಡರ ವಯಸ್ಸು, ಇನ್ನೂ ಕಾಯಂ ಆಗದ ನೌಕರಿ. ಎಲ್ಲರಿಗಿಂತ ಚಿಕ್ಕವಳೆಂದು ದೊಡ್ಡಕ್ಕೋರು ಕವಾಯತು ಕಲಿಸುವ ಕೆಲಸ ನನಗೆ ಹಚ್ಚಿದರು. ಮುಖ್ಯೋಪಾಧ್ಯಾಯಿನಿಯನ್ನು ನಾವು ದೊಡ್ಡಕ್ಕೋರು ಎನ್ನುತ್ತಿದ್ದೆವು. ಕವಾಯತಿನ ಜೊತೆಗೆ ಬಯಲಿನ ಉಸ್ತುವಾರಿಯೂ ಬಂತು.

ದಿನಾಲು ನಸುಕು ಹರಿದ ಮೇಲೆ ಅವಳು ಬರುತ್ತಿದ್ದಳು. ಮೊದಲು ಬಯಲಿನ ಅಂಚಿನ ನೀರಿನ ತೊಟ್ಟಿಯ ಕಟ್ಟೆಕಲ್ಲಿನ ಮೇಲೆ ನೀರು ಚಿಮುಕಿಸಿ ಕುಡಗೋಲು ಮಸೆಯುವುದು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತರೆ, ಹೊತ್ತು ನೆತ್ತಿಗೆ ಬರುವವರೆಗೆ ಏಳುತ್ತಿರಲಿಲ್ಲ. ಕೂತಲ್ಲಿಂದಲೇ ಹೆಜ್ಜೆ ಸರಿಸುತ್ತ ಮುಂದೆ ಸಾಗುವಳು. ಹಿಂದೆ ಹುಲ್ಲಿನ ಸಣ್ಣ ಸಣ್ಣ ಹಿಡಿಗಳು ಒಂದೇ ದಿಕ್ಕಿಗೆ ತಲೆಮಾಡಿ ಮಲಗಿರುತ್ತಿದ್ದವು. ನಡುನಡುವೆ ಒಂದೊಂದು ಗಿಡ್ಡ ಪೊದೆಯನ್ನು ಹಾಗೇ ಬಿಡುತ್ತಿದ್ದಳು. ಯಾಕೆಂದು ಬಗ್ಗಿ ನೋಡಿದರೆ ಒಳಗೆ ನೆಲಗುಬ್ಬಿಯ ಚುಕ್ಕಿಚುಕ್ಕಿಯ ತತ್ತಿ. "ಎಂಟ ದಿನ ತಡೀರಿ ಅಕ್ಕೋರ, ಮರಿ ಹಾರಿದ ಮ್ಯಾಲ ಅದನ್ನೂ ತಗೀತೀನಿ" ಎನ್ನುತ್ತಿದ್ದಳು.

ನನಗೆ ಆಗ ಇದರಲ್ಲಿ ಬೆಡಗು ಕಾಣಿಸಲಿಲ್ಲ, ನಿಧಾನ ಮಾತ್ರ ಕಾಣಿಸಿತು. ನಮ್ಮ ನಾಡು ಒಂದಾಗುವ ಕಾಲ, ಎಲ್ಲವೂ ಹೊಸದಾಗಬೇಕು ಎಂಬ ಹುರುಪು ಮೈತುಂಬ ಇತ್ತು. ಒಂದು ಪತ್ರಿಕೆಯಲ್ಲಿ ಹುಲ್ಲು ಕತ್ತರಿಸುವ ಮೋಟಾರು ಯಂತ್ರದ ಚಿತ್ರ ನೋಡಿದ್ದೆ. ಅಂಥದೊಂದು ನಮ್ಮ ಶಾಲೆಗೂ ಬೇಕೆಂದು ಆಡಳಿತ ಮಂಡಳಿಗೆ ಚಂದದ ಅಕ್ಷರದಲ್ಲಿ ಅರ್ಜಿ ಬರೆದೆ. ಅಧ್ಯಕ್ಷರು ಹತ್ತಿಯ ವ್ಯಾಪಾರಸ್ಥರು, ಮುಂಬಯಿಗೆ ಹೋಗಿಬಂದು ಮಾಡುವವರು. ಮರುವರ್ಷದ ಮಳೆಗಾಲದಲ್ಲಿ ಯಂತ್ರ ರೈಲಿನಲ್ಲಿ ಬಂದೇಬಿಟ್ಟಿತು.

ಸುಳ್ಳು ಹೇಳಬಾರದು, ಅದು ಚೆನ್ನಾಗಿಯೇ ನಡೆಯಿತು. ಶಾಲೆಯ ಮಾಲಿ ಅದನ್ನು ಹಿಡಿದು ತಳ್ಳಿದರೆ ಬುರ್ರೆಂದು ಓಡಿ, ಅರ್ಧ ದಿನದಲ್ಲಿ ಅರ್ಧ ಬಯಲು ಮುಗಿಸಿತು. ಹುಡುಗಿಯರು ಕಿಟಕಿಗೆ ಮುತ್ತಿದರು. ಹುಲ್ಲಿನವ್ವ ಕಟ್ಟೆಯ ಮೇಲೆ ಕೂತು ಎಲ್ಲ ನೋಡಿದಳು. ಯಂತ್ರ ನಿಂತ ಮೇಲೆ ಹೋಗಿ ನೆಲದಿಂದ ಒಂದು ಬೊಗಸೆ ಎತ್ತಿದಳು. ಹುಲ್ಲು ಪುಡಿಪುಡಿಯಾಗಿ ಮಣ್ಣಿನಲ್ಲಿ ಬೆರೆತಿತ್ತು, ಎಣ್ಣೆಯ ವಾಸನೆ ಹಿಡಿದಿತ್ತು. ಅಷ್ಟನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಮರುದಿನ ಬಂದವಳು ಅಳಲೂ ಇಲ್ಲ, ಬೈಯಲೂ ಇಲ್ಲ.

"ಮಶೀನ್ ಜಲ್ದಿ ಐತ್ರಿ, ಖರೆ. ಆದ್ರ ಎಮ್ಮಿ ಮೂಸಿ ನೋಡಿ ಮಾರಿ ತಿರುವಿತು. ಈ ಬಯಲಿನ ಹುಲ್ಲು ಒಣಗಿಸಿ ಬಣವಿ ಒಟ್ಟಿದ್ರನ ನನ್ನ ಬ್ಯಾಸಿಗಿ ದಾಟತೈತಿ. ಅರ್ಧಾ ಅದಕ್ಕ ಬಿಡ್ರಿ, ಅರ್ಧಾ ನನಗ ಬಿಡ್ರಿ. ದೀಪಾವಳಿಗೆ ಯಾವ ಕಡೆ ಹಸನೈತಿ, ನೀವಽ ನೋಡ್ರಿ."

ಬೇಡಿಕೊಳ್ಳುವವರ ದನಿ ಅದಾಗಿರಲಿಲ್ಲ. ತನ್ನ ಕೆಲಸದ ಬೆಲೆ ಬಲ್ಲವಳ ದನಿ. ನಾನು ಒಪ್ಪಿದೆ.

ಹೊರಡುವಾಗ ಇನ್ನೊಂದು ಮಾತು ಹೇಳಿದಳು. "ಬೇವಿನ ಗಿಡದ ಕಡೆ ಗರಸು ಐತ್ರಿ, ಬರೇ ಸಣ್ಣ ಕಲ್ಲು. ಹಿಂದ ಅಲ್ಲಿ ಖಡಿ ಹಾಕಿದ್ರು, ಹುಲ್ಲಿನಾಗ ಕಾಣೂದಿಲ್ಲ. ಅಲ್ಲಿ ಮಶೀನ್ ತರಬ್ಯಾಡ್ರಿ." ತನ್ನ ಪಾಲು ಹೆಚ್ಚಿಸಿಕೊಳ್ಳಲು ಹೂಡಿದ ನೆಪ ಎಂದುಕೊಂಡೆ.

ಎರಡು ವಾರ ಕಳೆದವು. ಒಂದು ಮಧ್ಯಾಹ್ನ ಅಧ್ಯಕ್ಷರು ಯಂತ್ರದ ಕೆಲಸ ನೋಡಲು ಬರುತ್ತೇನೆಂದು ಹೇಳಿಕಳಿಸಿದರು. ಬೇವಿನ ಮರದ ಕೆಳಗೆ ಹುಲ್ಲು ಇನ್ನೂ ಹಾಗೇ ಇತ್ತು. ಮಾಲಿಯನ್ನು ಕರೆದೆ. ಅವನು ತಡವರಿಸಿದ. "ಶಾಲಿ ಬಿಟ್ಟ ಮ್ಯಾಲ ನಡಸ್ತೀನ್ರಿ ಅಕ್ಕೋರ." "ಅವರು ಬರೂದರಾಗ ಆಗ್ಬೇಕು. ಈಗ ನಡಸು" ಎಂದೆ.

ಯಂತ್ರ ಮರದ ಹತ್ತಿರ ಹೋದ ಸ್ವಲ್ಪ ಹೊತ್ತಿಗೆ ಲೋಹಕ್ಕೆ ಕಲ್ಲು ತಾಗಿದ ಸದ್ದು, ಅದರ ಬೆನ್ನಿಗೇ ಗಾಜು ಒಡೆದ ಸದ್ದು. ಐದನೆಯ ಇಯತ್ತೆಯ ಕಿಟಕಿಯ ಬಳಿ ಕೂತಿದ್ದ ಹುಡುಗಿಯೊಬ್ಬಳ ಹುಬ್ಬಿನ ಕೆಳಗೆ ಕಲ್ಲಿನ ಚೂರು ಬಡಿದಿತ್ತು. ಮುಖವೆಲ್ಲ ರಕ್ತ. ನಾನು ಬಾಗಿಲಲ್ಲಿ ಮರದ ಹಾಗೆ ನಿಂತುಬಿಟ್ಟೆ. ಹುಲ್ಲಿನವ್ವ ಬಯಲಿನ ಆಚೆ ದಂಡೆಯಿಂದ ಓಡಿಬಂದು, ಸೆರಗು ಹರಿದು ನೀರಿನಲ್ಲಿ ಅದ್ದಿ ಗಾಯಕ್ಕೆ ಒತ್ತಿ ಹಿಡಿದು, ಹುಡುಗಿಯನ್ನು ಎತ್ತಿಕೊಂಡು ಟಾಂಗಾ ಹತ್ತಿದಳು. ಕೈಯಲ್ಲಿದ್ದ ಕುಡಗೋಲನ್ನು ಎಲ್ಲಿ ಎಸೆದಳೆಂದು ಅವಳಿಗೇ ನೆನಪಿರಲಿಲ್ಲ.

ಕಣ್ಣು ಉಳಿಯಿತು. ಮೂರು ಹೊಲಿಗೆ ಹಾಕಿದ ಡಾಕ್ಟರು, ಅರ್ಧ ಬೆರಳು ಕೆಳಗೆ ಬಿದ್ದಿದ್ದರೆ ಕಷ್ಟವಿತ್ತು ಎಂದರಂತೆ.

ಹುಲ್ಲಿನವ್ವ ಆಸ್ಪತ್ರೆಯಿಂದ ಬರುವ ಹೊತ್ತಿಗೆ ದೊಡ್ಡಕ್ಕೋರ ಕೋಣೆಯಲ್ಲಿ ಅಧ್ಯಕ್ಷರು ಕೂತಿದ್ದರು. ಮಾಲಿ ಗೋಡೆಗೆ ಆತು ನಿಂತಿದ್ದ. "ಮಕ್ಕಳು ಒಳಗ ಕುಂತಾಗ ಮಶೀನ್ ನಡಸಾಕ ನಿನಗ ಬುದ್ಧಿ ಇಲ್ಲೇನು? ನಾಳಿಯಿಂದ ಬರಬ್ಯಾಡ ನೀ" ಎಂದು ಅಧ್ಯಕ್ಷರು ಹೇಳುತ್ತಿದ್ದರು. ಮಾಲಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ಬಾಯಿ ಬಿಡುತ್ತಿದ್ದೆ. ಕಾಯಂ ಆಗದ ನೌಕರಿ, ಲಕ್ಷ್ಮೇಶ್ವರದಲ್ಲಿ ಅಪ್ಪನ ಮುಖ, ಇವನ್ನೇ ನೆನೆಯುತ್ತ ಮೂಲೆಯಲ್ಲಿ ನಿಂತಿದ್ದೆ.

ಹುಲ್ಲಿನವ್ವ ಹೊಸ್ತಿಲಲ್ಲಿ ನಿಂತು, "ಅಂವಂದು ತಪ್ಪಿಲ್ರಿ ಯಜಮಾನ್ರ" ಎಂದಳು.

"ಮತ್ತ ಯಾರದು?"

ಅವಳಿಗೆ ಎಲ್ಲ ಗೊತ್ತಿತ್ತು. ಎಚ್ಚರಿಕೆ ಕೊಟ್ಟವಳೇ ಅವಳು. ಒಂದು ಮಾತು ಆಡಿದ್ದರೆ ಯಂತ್ರವೂ ಹೋಗುತ್ತಿತ್ತು, ಅದನ್ನು ತರಿಸಿದ ನಾನೂ ಹೋಗುತ್ತಿದ್ದೆ. ಅವಳು, "ಹುಡುಗಿ ಮಲಗ್ಯಾಳ್ರಿ, ಚಿಂತಿ ಇಲ್ಲ" ಎಂದಷ್ಟೇ ಹೇಳಿ ಹೊರಟುಹೋದಳು.

ನಾನು ಅವಳ ಹಿಂದೆಯೇ ಕಟ್ಟೆಗೆ ಬಂದೆ. "ಯಾಕ ಹೇಳ್ಲಿಲ್ಲ?" ಎಂದು ಕೇಳಿದೆ.

"ನಾ ಹೇಳಿದ್ರ ಅದು ಚಾಡಿ ಆಗತೈತಿ ಅಕ್ಕೋರ. ನೀವು ಹೇಳಿದ್ರ ಖರೆ ಆಗತೈತಿ." ತೊಟ್ಟಿಯ ನೀರಿನಲ್ಲಿ ಕೈಯ ರಕ್ತ ತೊಳೆದುಕೊಳ್ಳುತ್ತ, ತಲೆ ಎತ್ತದೆಯೇ ಮುಂದುವರಿದಳು. "ಹೋಗ್ರಿ ಒಳಗ. ಹೊತ್ತಾದಷ್ಟೂ ನಾಲಿಗಿ ಭಾರ ಆಗತೈತಿ."

ನಾನು ತಿರುಗಿ ಒಳಗೆ ಹೋದೆ. ಮಾಲಿ ತಡಮಾಡಿ ನಡೆಸುತ್ತೇನೆಂದಿದ್ದು, ನಾನು ಬೇಡವೆಂದಿದ್ದು, ಗರಸಿನ ಬಗ್ಗೆ ಹುಲ್ಲಿನವ್ವ ನನಗೆ ಮೊದಲೇ ಹೇಳಿದ್ದು, ಎಲ್ಲವನ್ನೂ ನಿಂತೇ ಹೇಳಿದೆ. ಅಧ್ಯಕ್ಷರು, "ಹುಡುಗಿ ಮನಿಗೆ ಹೋಗಿ ಅವರಪ್ಪಗ ಇದನ್ನಽ ಹೇಳಿ ಬರ್ರಿ. ಆಮ್ಯಾಲ ನೋಡೂಣು" ಎಂದರು.

ಹುಲ್ಲಿನವ್ವ ನನ್ನ ಜೊತೆ ಬಂದಳು. ಹುಡುಗಿಯ ತಂದೆ ಬೆಟಗೇರಿಯ ನೇಕಾರರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ನನ್ನ ಮಾತು ಕೇಳಿದರು. ಲಾಳಿ ಕೈಯಲ್ಲೇ ಇತ್ತು. "ತಪ್ಪ ಯಾರದಂತ ಊರಾಗ ಎಲ್ಲಾರೂ ಬ್ಯಾರೆಬ್ಯಾರೆ ಹೇಳಾಕತ್ತಿದ್ರು. ನೀವು ಬಂದು ಹೇಳಿದ್ರಿ, ಚಲೋ ಆತು. ನಾಡಿದ್ದ ಅಕಿ ಶಾಲಿಗೆ ಬರ್ತಾಳ" ಎಂದರು. ಹಿಂತಿರುಗುವ ದಾರಿಯಲ್ಲಿ ನಾನು ಅತ್ತೆ. ಹುಲ್ಲಿನವ್ವ ನನ್ನ ನಡಿಗೆಗೆ ತನ್ನ ನಡಿಗೆ ಸೇರಿಸಿ ಬಂದಳು.

ಮಾಲಿಯ ಕೆಲಸ ಉಳಿಯಿತು. ನನ್ನದೂ ಉಳಿಯಿತು. ವಾರದ ಮೇಲೆ ಅಧ್ಯಕ್ಷರು ಹುಲ್ಲಿನವ್ವನನ್ನೇ ಕರೆಸಿ, ಯಂತ್ರ ಇರಲೋ ಬೇಡವೋ ಎಂದು ಕೇಳಿದರು. "ಮಶೀನ್ ಬ್ಯಾಡ ಅನ್ನೂದಿಲ್ರಿ. ನಾ ಹುಲ್ಲು ಬೇಕು ಅಂತೀನಿ" ಎಂದಳು. "ಕುಡಗೋಲು ಹಿಡಿದಾಗ ನನ್ನ ಎಡಗೈ ಮುಂದ ಹೋಗತೈತಿ. ಕಲ್ಲಿದ್ರ ಕೈಗೆ ತಿಳಿತೈತಿ, ತತ್ತಿ ಇದ್ರ ತಿಳಿತೈತಿ, ಹಾವಿದ್ರೂ ತಿಳಿತೈತಿ. ಮಶೀನಿಗೆ ಮುಂದ ಹೋಗೂ ಕೈ ಇಲ್ರಿ." ಅಧ್ಯಕ್ಷರು ನಕ್ಕು, ಯಂತ್ರವನ್ನು ತಮ್ಮ ಬಂಗಲೆಯ ತೋಟಕ್ಕೆ ಸಾಗಿಸಿದರು. ಅಲ್ಲಿ ಅದು ಬಹಳ ವರ್ಷ ಚೆನ್ನಾಗಿ ಓಡಿತೆಂದು ಕೇಳಿದ್ದೇನೆ.

ನವೆಂಬರ್ ಒಂದಕ್ಕೆ ನಾಡು ಒಂದಾಯಿತು, ದೀಪಾವಳಿಯೂ ಅದೇ ಹೊತ್ತಿಗೆ ಬಂದಿತ್ತು. ಶಾಲೆಯ ಸಮಾರಂಭಕ್ಕಾಗಿ ಅವಳು ತಂಗಿಯ ಮಗಳನ್ನೂ ನೆರೆಯ ಇನ್ನೊಬ್ಬಳನ್ನೂ ಕರೆತಂದು ನಾಲ್ಕು ದಿನದಲ್ಲಿ ಬಯಲು ಮುಗಿಸಿದಳು. ಅವರವು ಮೂರು ಕುಡಗೋಲು. ನಾಲ್ಕನೆಯದನ್ನು ನಾನು ಹಿಡಿದಿದ್ದೆ. ಅವಳೇ ಕಲಿಸಿದಳು. "ಹೊಡೀಬ್ಯಾಡ್ರಿ, ಎಳೀರಿ. ಕುಡಗೋಲು ನಿಮ್ಮ ಕಡೆ ಬರಲಿ. ಉಸಿರು ಹಿಡೀಬ್ಯಾಡ್ರಿ." ಮೊದಲ ದಿನ ಅಂಗೈಯಲ್ಲಿ ಬೊಕ್ಕೆ ಎದ್ದವು, ನಾಲ್ಕನೆಯ ದಿನ ನನ್ನ ಸಾಲು ಅವಳ ಸಾಲಿನ ಪಕ್ಕಕ್ಕೆ ಹೊಂದುವಷ್ಟು ನೇರವಾಯಿತು. ಬೆಳಗಿನ ಸಮಾರಂಭದಲ್ಲಿ ಹುಡುಗಿಯರು ಬರಿಗಾಲಲ್ಲಿ ಕವಾಯತು ಮಾಡಿದರು. ಒಬ್ಬಳ ಕಾಲಿಗೂ ಕಲ್ಲು ಒತ್ತಲಿಲ್ಲ.

ಭಾಷಣಗಳು ಮುಗಿದ ಮೇಲೆ ಅವಳು ನನ್ನನ್ನು ಕೇಳಿದಳು. "ನಮ್ಮ ತಂಗಿ ಮುಂಡರಗಿ ದಾಟಿ ಆಚಿ ಊರಾಗ ಇದ್ದಾಳ್ರಿ, ನಿಜಾಮರ ಸೀಮಿಯೊಳಗ. ಇನ್ನ ಅಕೀನೂ ನಮ್ಮಾಕಿನಽ ಏನ್ರಿ?" ಹೌದು ಎಂದೆ. "ಅಕಿ ಮೊದಲೂ ನಮ್ಮಾಕಿನಽ ಇದ್ಲು. ಈಗ ಸರಕಾರಕ್ಕೂ ತಿಳೀತು" ಎಂದು ಹುಲ್ಲಿನ ಹೊರೆ ತಲೆಗೇರಿಸಿಕೊಂಡು ನಡೆದಳು.

ಮುಂದೆ ನನಗೆ ಶಿರಹಟ್ಟಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಸಿಕ್ಕಿತು. ನೌಕರಿಯ ಉದ್ದಕ್ಕೂ ತಪ್ಪುಗಳಾದವು, ಕೆಲವು ದೊಡ್ಡವೇ. ಪ್ರತಿ ಸಲವೂ ಹೊತ್ತಾಗುವ ಮುಂಚೆ ಎದ್ದು, "ಇದು ನನ್ನ ಆದೇಶ" ಎಂದು ಹೇಳಿದ್ದೇನೆ. ಅದನ್ನು ಕಂಡು ಧೈರ್ಯದವಳು ಎಂದು ಜನ ಹೊಗಳಿದ್ದಾರೆ. ಆ ಧೈರ್ಯ ನನ್ನ ಸ್ವಂತದ್ದಲ್ಲ.

ಅವಳು ತೀರಿಕೊಂಡ ಸುದ್ದಿಯನ್ನು ಗದಗಿನ ಆ ಮಾಲಿಯೇ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದ. ನಾನು ಬೆಟಗೇರಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಅಂಗಳದಲ್ಲಿ ಚಾಪೆ ಹಾಸಿ ಹೆಂಗಸರು ಕೂತಿದ್ದರು. ನನ್ನ ಇಸ್ತ್ರಿ ಸೀರೆ, ಕೈಚೀಲ, ಕನ್ನಡಕ ನೋಡಿ ಒಬ್ಬ ಮುದುಕಿ ಎದ್ದು ನಿಲ್ಲಲು ಹೋದಳು. ಮುಂಡರಗಿಯಾಚೆಯಿಂದ ಬಂದ ತಂಗಿ ಇರಬೇಕು.

"ನೀವು ಯಾರ ಪೈಕಿರಿ?" ಎಂದು ಕೇಳಿದಳು.

"ನಾ ನಿಮ್ಮಕ್ಕನ ಕಡೆ ಕಲಿತಾಕೀರಿ" ಎಂದೆ.

ಏನು ಕಲಿತೆ ಎಂದು ಅವಳು ಕೇಳಲಿಲ್ಲ. ಚಾಪೆಯ ಮೇಲೆ ಒಂದಿಷ್ಟು ಸರಿದು ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದಳು.

"ಹಂಗಾರ ಕುಂಡ್ರ ಬಾರವ್ವ, ನಮ್ಮಾಕಿನಽ ಅದಿ."